ಅರ್ಧ ಗಡ್ಡದ ಧರಣಿ

ಆ ಬೀದಿಯ ಕ್ಷೌರಿಕನ ಅಂಗಡಿಯಲ್ಲಿ ಕನ್ನಡಿಯ ಮೇಲೆ ಒಂದು ಬೋರ್ಡು ತೂಗುತ್ತಿತ್ತು: ‘ಇಲ್ಲಿ ರಾಜಕೀಯ ಮಾತನಾಡಬಾರದು.’ ಹಿಂದೊಮ್ಮೆ ಚುನಾವಣೆಯ ಕಾವಿನಲ್ಲಿ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತ ಇಬ್ಬರು ಗಿರಾಕಿಗಳು, ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ ಎದ್ದು ಒಬ್ಬರ ಕಾಲರ್ ಒಬ್ಬರು ಹಿಡಿದಿದ್ದರು. ಬಿಡಿಸಲು ಹೋದ ಕ್ಷೌರಿಕನ ಕನ್ನಡಕ ಪುಡಿಪುಡಿಯಾಗಿತ್ತು. ಮರುದಿನವೇ ಬೋರ್ಡು ಬಂತು. ಅಂದಿನಿಂದ ಆ ಅಂಗಡಿಯಲ್ಲಿ ಹವಾಮಾನ, ಹಲ್ಲುನೋವು, ಫುಟ್‌ಬಾಲು, ಇಷ್ಟೇ ಮಾತು. ಯಾರ ತಂಟೆಗೂ ಹೋಗದೆ, ಯಾರ ಬಾಯಿಗೂ ಬೀಳದೆ ಬದುಕುವುದು ಅವನ ಆಸೆ. ಅದು ಸುಮಾರಾಗಿ ಕೈಗೂಡಿಯೂ ಇತ್ತು.

ಅಂಥವನಿಗೆ ಸಿಕ್ಕ ಮಾವ ಮಾತ್ರ ಊರಿಗೆಲ್ಲ ಗೊತ್ತಿದ್ದ ಧಿಕ್ಕಾರಪ್ಪ. ಅವರ ನಿಜವಾದ ಹೆಸರು ಮರೆತುಹೋಗುವಷ್ಟು ಆ ಅಡ್ಡಹೆಸರು ಅಂಟಿಕೊಂಡಿತ್ತು. ಬಟ್ಟೆ ಗಿರಣಿಯಲ್ಲಿ ಆಯುಷ್ಯ ಸವೆಸಿ, ಅಲ್ಲಿ ಕಾರ್ಮಿಕರ ಸಂಘ ಕಟ್ಟಿ, ನಿವೃತ್ತರಾದ ಮೇಲೂ ಮೈಕು ಕೆಳಗಿಡದವರು. ನಲ್ಲಿ ಒಣಗಿದರೆ ಅವರು, ಬೀದಿ ದೀಪ ಕೆಟ್ಟರೆ ಅವರು, ದೂರದ ದೇಶದಲ್ಲಿ ಯಾವನೋ ಯುದ್ಧ ಶುರು ಮಾಡಿದರೆ ಅದಕ್ಕೂ ಅವರೇ. ಮಗ್ಗಗಳ ಸದ್ದಿನ ನಡುವೆ ಮಾತಾಡಿ ಮಾತಾಡಿ ಅವರ ದನಿ ಎಷ್ಟು ಗಟ್ಟಿಯಾಗಿತ್ತೆಂದರೆ, ಗುಟ್ಟು ಹೇಳಿದರೂ ಪಕ್ಕದ ಮನೆಯವರು ‘ಹೌದಾ?’ ಎನ್ನುತ್ತಿದ್ದರು.

ಹೆಂಡತಿ ಸಿಟಿ ಬಸ್ಸಿನ ಡ್ರೈವರ್. ಅವಳಿ ಮಕ್ಕಳು ಹುಟ್ಟಿ, ಹೆರಿಗೆ ರಜೆ ಮುಗಿಯುತ್ತ ಬಂದಾಗ ಗಂಡ ಹೆಂಡತಿ ಇಬ್ಬರಿಗೂ ದಿಕ್ಕು ತೋಚದಾಯಿತು. ಒಂದು ಮಗುವಾದರೆ ಹೇಗೋ ನಡೆಯುತ್ತಿತ್ತು. ಇವೆರಡು ಸೇರಿ ಮನೆಯನ್ನೇ ತಲೆಕೆಳಗು ಮಾಡಿದ್ದವು. ಒಂದಕ್ಕೆ ಹಾಲು ಕುಡಿಸಿ ಮುಗಿಸುವಷ್ಟರಲ್ಲಿ ಇನ್ನೊಂದಕ್ಕೆ ಹಸಿವು. ಒಂದರ ಬಟ್ಟೆ ಬದಲಿಸಿದರೆ ಇನ್ನೊಂದು ‘ನಾನೇನು ಕಡಿಮೆ’ ಎಂಬಂತೆ ಒದ್ದೆ. ಕ್ಷೌರಿಕ ಒಮ್ಮೆ ನಿದ್ದೆಗಣ್ಣಲ್ಲಿ ಒಂದೇ ಮಗುವಿಗೆ ಎರಡು ಸಲ ಸ್ನಾನ ಮಾಡಿಸಿ, ಇನ್ನೊಂದನ್ನು ಹಾಗೇ ಮಲಗಿಸಿದ್ದ.

ಆಗ ಮಾವ ಎರಡು ಚೀಲ ಹಿಡಿದು ಬಂದಿಳಿದರು. ಒಂದರಲ್ಲಿ ಬಟ್ಟೆ. ಇನ್ನೊಂದರಲ್ಲಿ ಬಾವುಟ, ಬ್ಯಾನರು ಮತ್ತು ಕೈಮೈಕು.

“ಮಾವ, ಒಂದೇ ಒಂದು ಮಾತು,” ಎಂದ ಕ್ಷೌರಿಕ, ಆ ಎರಡನೇ ಚೀಲವನ್ನೇ ನೋಡುತ್ತ. “ಮಕ್ಕಳ ಮುಂದೆ ರಾಜಕೀಯ ಬೇಡ.”

“ಛೆ ಛೆ, ಹಾಲು ಕುಡಿಯೋ ಮಕ್ಕಳ ಹತ್ರ ಎಂಥ ರಾಜಕೀಯ ಅಳಿಯಂದಿರೇ? ನಿಮ್ಮ ಷರತ್ತಿಗೆ ನನ್ನ ಸಂಪೂರ್ಣ ಬೆಂಬಲ ಇದೆ.”

ಹಾಗೆಂದವರು ಅದೇ ಮಧ್ಯಾಹ್ನದೊಳಗೆ ಮೊಮ್ಮಕ್ಕಳಿಗೆ ಅಡ್ಡಹೆಸರಿಟ್ಟಾಗಿತ್ತು. ಕೈ ತಾಗಿದರೆ ಸಾಕು, ಮನೆ ಹಾರಿಹೋಗುವಂತೆ ಕಿರುಚುವ ಹೆಣ್ಣುಮಗು ‘ವಿರೋಧ ಪಕ್ಷ’. ಏನೇ ಆದರೂ ತುಟಿ ಪಿಟಕ್ಕೆನ್ನದೆ ಕಣ್ಣು ಮುಚ್ಚಿ ಮಲಗಿರುವ ಗಂಡುಮಗು ‘ಆಡಳಿತ ಪಕ್ಷ’.

“ನೋಡಿ, ಎಷ್ಟು ಕೇಳಿದ್ರೂ ಉತ್ತರ ಇಲ್ಲ,” ಎಂದು ಮಾವ ಗಂಡುಮಗುವಿನ ಗಲ್ಲ ಸವರುತ್ತಿದ್ದರು. “ಹೊಟ್ಟೆ ತುಂಬಿದ್ರೆ ಆಯ್ತು ಇವನಿಗೆ.”

ಕ್ಷೌರಿಕನ ಮನೆ ಅಂಗಡಿಯ ಮೇಲೇ ಇತ್ತು. ಹೆಂಡತಿ ಕೆಲಸಕ್ಕೆ ಹೋದ ಮೊದಲ ದಿನ ವಿರೋಧ ಪಕ್ಷ ಅಳಲು ಶುರುಮಾಡಿದ್ದು ಜಪ್ಪಯ್ಯ ಅಂದರೂ ನಿಲ್ಲಿಸಲಿಲ್ಲ. ಕ್ಷೌರಿಕ ಗಿರಾಕಿಯನ್ನು ಕೂರಿಸಿ ಮೆಟ್ಟಿಲು ಹತ್ತಿ ಬಂದ. ಎತ್ತಿಕೊಂಡ, ತಟ್ಟಿದ, ತನಗೆ ಬರುವ ಒಂದೇ ಜೋಗುಳ ಹಾಡಿದ. ಅದನ್ನು ಕೇಳಿ ಮಗು ಇನ್ನಷ್ಟು ಅತ್ತಿತು. ಸೋತು ಕೆಳಗೆ ಬಂದು ಕತ್ತರಿ ಹಿಡಿದ. ಅಷ್ಟರಲ್ಲಿ ಮೇಲಿನಿಂದ ಮಾವನ ದನಿ ಗೋಡೆ ನಡುಗುವಂತೆ ಕೇಳಿಸಿತು.

“ಬೇಕೇ ಬೇಕು! ಹಾಲು ಬೇಕು! ಬೇಕೇ ಬೇಕು! ನಿದ್ದೆ ಬೇಕು! ಎಲ್ಲಿಯವರೆಗೆ ಹೋರಾಟ? ಕಣ್ಣು ಮುಚ್ಚುವವರೆಗೆ ಹೋರಾಟ!”

ಕುರ್ಚಿಯಲ್ಲಿದ್ದ ಗಿರಾಕಿ ಬೆಚ್ಚಿಬಿದ್ದು ಸೂರು ನೋಡಿದ. “ಮೇಲೇನು ಸಭೆ ನಡೀತಿದೆಯಾ?”

“ಇಲ್ಲ, ಮಗು ಮಲಗಿಸ್ತಿದ್ದಾರೆ,” ಎಂದ ಕ್ಷೌರಿಕ, ನಾಚಿಕೆಯಿಂದ.

ಆಶ್ಚರ್ಯವೆಂದರೆ ಮಗು ಮಲಗಿತು. ಅಂದಿನಿಂದ ಅದಕ್ಕೆ ಘೋಷಣೆ ಕೂಗಿದರೆ ಮಾತ್ರ ನಿದ್ದೆ. ಸಂಜೆ ಇದನ್ನು ಕೇಳಿ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಾನೂ ಹೀಗೇ ಮಲಗಿ ಬೆಳೆದೋಳು ಕಣ್ರೀ. ಅದಕ್ಕೇ ಇಡೀ ರಸ್ತೆ ಹಾರ್ನ್ ಹೊಡೆದ್ರೂ ನನಗೆ ತಲೆನೋವು ಬರಲ್ಲ.”

ಕ್ಷೌರಿಕನಿಗೆ ಬೇರೆಯೇ ಒಂದು ಕೊರಗು. ಹೆಣ್ಣುಮಗು ಆಗಲೇ ಕಿಲಕಿಲ ನಗುತ್ತಿತ್ತು. ಗಂಡುಮಗು ಮಾತ್ರ ಒಂದು ದಿನವೂ ಸದ್ದು ಮಾಡಿ ನಕ್ಕಿರಲಿಲ್ಲ. ಕ್ಷೌರಿಕ ಕಣ್ಣು ತಿರುಗಿಸಿದ, ಮೂತಿ ಸೊಟ್ಟ ಮಾಡಿದ, ಪೌಡರ್ ಬ್ರಷ್ ತಂದು ಪಾದಕ್ಕೆ ಕಚಗುಳಿಯಿಟ್ಟ. ಮಗು ಅವನನ್ನು ಒಬ್ಬ ದೊಡ್ಡ ಅಧಿಕಾರಿ ಅರ್ಜಿದಾರನನ್ನು ನೋಡುವಂತೆ ನೋಡಿ, ಆಕಳಿಸಿ, ಮಲಗಿಬಿಡುತ್ತಿತ್ತು. “ಅವನಿಗೂ ಟೈಮ್ ಬರುತ್ತೆ ಬಿಡಿ,” ಎಂದು ಆರೋಗ್ಯ ಕೇಂದ್ರದ ನರ್ಸಮ್ಮ ಸಮಾಧಾನ ಹೇಳಿದ್ದರು.

ಆ ಆರೋಗ್ಯ ಕೇಂದ್ರ ಅದೇ ಬೀದಿಯ ತುದಿಯಲ್ಲಿತ್ತು. ಎರಡೇ ಕೋಣೆ, ಮುಂದೊಂದು ಸಣ್ಣ ಜಗಲಿ. ಸುತ್ತಲಿನ ಮಕ್ಕಳೆಲ್ಲ ಅಲ್ಲೇ ಚುಚ್ಚುಮದ್ದು ಹಾಕಿಸಿಕೊಂಡು, ಅಲ್ಲೇ ತಕ್ಕಡಿಯಲ್ಲಿ ಕೂತು ದೊಡ್ಡವರಾದವರು. ಒಂದು ದಿನ ಮಾವ ಅಲ್ಲಿ ತೂಕ ನೋಡಿಸಿ ಅವಳಿ ಮಕ್ಕಳ ಗಾಡಿ ತಳ್ಳಿಕೊಂಡು ಬಂದವರು ಕೆಂಡಾಮಂಡಲವಾಗಿದ್ದರು.

“ಕೇಂದ್ರ ಎತ್ತಂಗಡಿ ಮಾಡ್ತಾರಂತೆ ಅಳಿಯಂದಿರೇ! ಹೆದ್ದಾರಿಯ ಆಚೆ ಕಡೆ ಹೊಸ ಕಟ್ಟಡಕ್ಕೆ. ದಾಟೋಕೆ ಇರೋದು ಆ ಮೇಲ್ಸೇತುವೆ ಒಂದೇ. ಬರೀ ಮೆಟ್ಟಿಲು. ಈ ಗಾಡೀನ ನಾನೇನು ತಲೆ ಮೇಲೆ ಹೊತ್ಕೊಂಡು ಹೋಗ್ಲಾ?”

ಆ ಮೆಟ್ಟಿಲು ಕ್ಷೌರಿಕನಿಗೂ ಗೊತ್ತಿತ್ತು. ಆದರೂ ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿ, “ಮೆಲ್ಲಗೆ ಮಾವ, ಗಿರಾಕಿಗಳಿದ್ದಾರೆ,” ಎಂದ. “ದೊಡ್ಡೋರು ಏನೋ ಯೋಚನೆ ಮಾಡಿರ್ತಾರೆ. ನಮಗ್ಯಾಕೆ? ನೀವು ಮಕ್ಕಳನ್ನ ನೋಡ್ಕೊಳ್ಳಿ, ಸಾಕು.”

ಮಾವ ಗಾಡಿಯ ಕಡೆ ತಿರುಗಿದರು. “ಸರಿ. ಮಕ್ಕಳನ್ನೇ ನೋಡ್ಕೊಳ್ತೀನಿ,” ಎಂದರು. ಅಷ್ಟು ಸುಲಭವಾಗಿ ಅವರು ಒಪ್ಪಿದ್ದನ್ನು ಕಂಡಾಗಲೇ ಅನುಮಾನ ಬರಬೇಕಿತ್ತು. ಅಳಿಯನಿಗೆ ಬರಲಿಲ್ಲ.

ಆಮೇಲೊಂದು ಬೆಳಗ್ಗೆ ನಗರಸಭೆಯ ಮೆಂಬರ್ ಸಾಹೇಬರು ಗಡ್ಡ ತೆಗೆಸಲು ಬಂದರು. ದುಂಡುಮುಖದ, ಬೇಗ ಬೆವರುವ ಮನುಷ್ಯ. ಆ ಬೋರ್ಡಿನಿಂದ ಅತಿ ಹೆಚ್ಚು ಸುಖಪಟ್ಟವರೆಂದರೆ ಅವರೇ. ಊರಲ್ಲಿ ಎಲ್ಲಿ ಹೋದರೂ ‘ಚರಂಡಿ ಏನಾಯ್ತು, ರಸ್ತೆ ಏನಾಯ್ತು’ ಎಂದು ಜನ ಮುತ್ತಿಕೊಳ್ಳುತ್ತಿದ್ದರು. ಈ ಕುರ್ಚಿಯಲ್ಲಿ ಮಾತ್ರ ಅವರು ಕಣ್ಣು ಮುಚ್ಚಿ, ಕಾಲು ಚಾಚಿ, ಕಳೆದ ವಾರದ ಫುಟ್‌ಬಾಲ್ ಪಂದ್ಯದ ಬಗ್ಗೆ ಗೊಣಗುತ್ತ ಹಾಯಾಗಿರುತ್ತಿದ್ದರು.

ಕ್ಷೌರಿಕ ಬ್ರಷ್ಷಿನಿಂದ ನೊರೆ ಎಬ್ಬಿಸಿ ಮುಖದ ತುಂಬ ಹಚ್ಚಿದ. ಬಲಗೆನ್ನೆ ನುಣ್ಣಗೆ ಹೆರೆದು ಮುಗಿಸಿ, ಕತ್ತಿಯನ್ನು ಒರೆಸಿಕೊಂಡು ಎಡಕ್ಕೆ ತಿರುಗಿದಾಗ ಅವನಿಗೆ ಏನೋ ಕೊರತೆ ಅನ್ನಿಸಿತು. ಮೇಲಿನ ಮನೆ ಸದ್ದಿಲ್ಲದೆ ಇತ್ತು. ಅಳು ಇಲ್ಲ, ಘೋಷಣೆ ಇಲ್ಲ, ಮಾವನ ಕೆಮ್ಮೂ ಇಲ್ಲ. ಅವನು ಬಗ್ಗಿ ಮೆಟ್ಟಿಲ ಕೆಳಗೆ ನೋಡಿದ. ಅವಳಿ ಗಾಡಿ ಇರಲಿಲ್ಲ. ಆಗಲೇ ಬೀದಿಯ ತುದಿಯಿಂದ, ಮೈಕಿನಲ್ಲಿ, ಚಿರಪರಿಚಿತ ದನಿ ತೇಲಿಬಂತು.

“ಬೇಕೇ ಬೇಕು!”

“ನ್ಯಾಯ ಬೇಕು!” ಎಂದು ಬಹಳ ಜನ ಉತ್ತರ ಕೊಟ್ಟರು.

ಕ್ಷೌರಿಕ ಕತ್ತಿ ಕೆಳಗಿಟ್ಟವನೇ ಬಾಗಿಲಾಚೆ ಓಟ ಕಿತ್ತ.

“ಏಯ್! ಅರ್ಧ ಗಡ್ಡ! ನನ್ನ ಅರ್ಧ ಗಡ್ಡ ಕಣಪ್ಪಾ!” ಎಂದು ಮೆಂಬರ್ ಕೂಗಿದರು. ಯಾರಿಗೋ ಏನೋ ಆಗಿದೆ ಎಂದು ಗಾಬರಿಯೂ ಆಯಿತು. ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡೇ ಅವರೂ ಹಿಂದಿನಿಂದ ಓಡಿದರು.

ಆರೋಗ್ಯ ಕೇಂದ್ರದ ಮುಂದೆ ಜನ ರಸ್ತೆಯ ಮೇಲೇ ಕೂತಿದ್ದರು. ಕೂತವರಲ್ಲಿ ಹೆಚ್ಚಿನವರು ಮಡಿಲಲ್ಲಿ ಮಗು ಇದ್ದ ತಾಯಂದಿರು. ನಡುವೆ ಮಾವ, ಕೈಯಲ್ಲಿ ಮೈಕು. ಅವರ ಪಕ್ಕದಲ್ಲಿ ಅವಳಿ ಗಾಡಿ.

“ಮಾವ! ಏನಿದು?” ಕ್ಷೌರಿಕನ ಪಿತ್ತ ನೆತ್ತಿಗೇರಿತ್ತು. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ಆ ಬೀದಿ ಅದುವರೆಗೆ ಕೇಳಿರಲಿಲ್ಲ. “ಎಳೆಮಕ್ಕಳನ್ನ ತಂದು ರಸ್ತೆ ಮೇಲೆ ಕೂರಿಸಿದ್ದೀರಲ್ಲ! ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ಕೇಳಿದ್ರೆ ನೀವು ಬೇಡ ಅಂತಿದ್ರಿ.”

“ಹೌದು, ಅಂತಿದ್ದೆ!”

“ಅದಕ್ಕೇ ಕೇಳ್ಲಿಲ್ಲ,” ಎಂದರು ಮಾವ, ಮೈಕನ್ನು ಬಾಯಿಂದ ಸರಿಸಿ. “ಅಳಿಯಂದಿರೇ, ನನ್ನ ಜೀವಮಾನದಲ್ಲಿ ನಾನು ಯಾರ್ಯಾರದ್ದೋ ವಿಷಯಕ್ಕೆ ಕೂಗಿದ್ದೀನಿ. ಇದು ಇವರದ್ದೇ ವಿಷಯ. ಸೂಜಿ ಚುಚ್ಚಿಸಿಕೊಳ್ಳೋರು ಇವರು, ನಾನಲ್ಲ. ಇವರನ್ನ ಮನೇಲಿ ಬಿಟ್ಟು ನಾನೊಬ್ಬನೇ ಬಂದು ಕೂಗಿದ್ರೆ ಅರ್ಥ ಏನಿದೆ?”

ಕ್ಷೌರಿಕ ಇನ್ನೂ ಏನೋ ಹೇಳಲು ಬಾಯಿ ತೆರೆದ. ಆಗ ಗಾಡಿ ಸರಿಯಾಗಿ ಕಣ್ಣಿಗೆ ಬಿತ್ತು. ಬಿಸಿಲು ತಾಗದಂತೆ ಬ್ಯಾನರನ್ನು ಎರಡು ಕೋಲಿಗೆ ಕಟ್ಟಿ ಮೇಲೆ ಚಪ್ಪರ ಮಾಡಲಾಗಿತ್ತು. ಇಬ್ಬರಿಗೂ ಟೋಪಿ. ಬದಿಯ ಚೀಲದಲ್ಲಿ ಹಾಲಿನ ಬಾಟಲಿಗಳು, ಒಣಬಟ್ಟೆ, ಒದ್ದೆಬಟ್ಟೆಗೆ ಬೇರೆ ಕವರು, ಒರೆಸಲು ಮೆತ್ತನೆಯ ಟವೆಲು. ಕ್ಷೌರಿಕ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವಾಗ ದಿನವೂ ಏನಾದರೊಂದು ಮರೆಯುತ್ತಿದ್ದ. ಮಾವ ಏನನ್ನೂ ಮರೆತಿರಲಿಲ್ಲ. ಹೆಣ್ಣುಮಗುವಂತೂ ಅಷ್ಟು ಘೋಷಣೆಯ ನಡುವೆ, ಜೀವಮಾನದ ಸುಖ ಸಿಕ್ಕಂತೆ, ಬಾಯಿ ತೆರೆದು ಗೊರಕೆ ಹೊಡೆಯುತ್ತಿತ್ತು. ಗಂಡುಮಗು ಮಾತ್ರ ಎಚ್ಚರವಾಗಿದ್ದು, ಕಣ್ಣರಳಿಸಿ ಎಲ್ಲರನ್ನೂ ನೋಡುತ್ತಿತ್ತು.

ಕ್ಷೌರಿಕನ ಸಿಟ್ಟು ಅರ್ಧಕ್ಕೆ ಇಳಿಯಿತು. ಉಳಿದರ್ಧವನ್ನು ಎಲ್ಲಿಡುವುದೆಂದು ತಿಳಿಯದೆ ಅವನು ಮಗುವಿನ ಟೋಪಿ ಸರಿಮಾಡುತ್ತ ನಿಂತ.

ಅಷ್ಟರಲ್ಲಿ ಮೆಂಬರ್ ಸಾಹೇಬರು ಏದುಸಿರು ಬಿಡುತ್ತ ಬಂದು ಮುಟ್ಟಿದರು. ಒಂದು ಕೆನ್ನೆ ನುಣ್ಣಗೆ ಹೊಳೆಯುತ್ತಿತ್ತು. ಇನ್ನೊಂದರ ಮೇಲೆ ಬಿಳಿ ನೊರೆ ಗುಪ್ಪೆಯಾಗಿ ನಿಂತಿತ್ತು. ಒಂದು ಉಂಡೆ ಮೂಗಿನ ತುದಿಗೂ ಏರಿತ್ತು. ಎದೆಯ ಮೇಲೆ ಅಂಗಡಿಯ ಬಟ್ಟೆ ಬಾವುಟದಂತೆ ಹಾರುತ್ತಿತ್ತು. ಯಾರಿಗೆ ಕೇಳಿಸಲೆಂದು ಜನ ಕೂಗುತ್ತಿದ್ದರೋ ಆ ಮನುಷ್ಯ ಈ ವೇಷದಲ್ಲಿ ಪ್ರತ್ಯಕ್ಷವಾದರೆ ಏನು ಕೂಗಬೇಕೆಂದು ಮಾವನಿಗೂ ಹೊಳೆಯಲಿಲ್ಲ.

“ಏನಾಯ್ತು? ಮಕ್ಕಳು ಹುಷಾರಾಗಿದ್ದಾರಾ?” ಎಂದು ಮೆಂಬರ್ ಗಾಡಿಯೊಳಗೆ ಬಗ್ಗಿದರು. ಮೂಗಿನ ಮೇಲಿನ ನೊರೆ ಪುಸಕ್ಕನೆ ಗಂಡುಮಗುವಿನ ಹೊದಿಕೆಯ ಮೇಲೆ ಬಿತ್ತು.

ಮಗು ನೊರೆ ನೋಡಿತು. ಮೆಂಬರ್ ಮುಖ ನೋಡಿತು. ಅದರ ಹೊಟ್ಟೆ ಒಮ್ಮೆ ಕುಲುಕಿತು. ಆಮೇಲೆ, ಎಲ್ಲಿಂದಲೋ ಆಳದಿಂದ, ಬಿಕ್ಕಳಿಕೆಯಂಥ ಒಂದು ಸದ್ದು ಬಂತು. ಅದರ ಹಿಂದೆಯೇ ಇನ್ನೊಂದು. ನೋಡನೋಡುತ್ತಿದ್ದಂತೆ ಮಗು ಕೈಕಾಲು ಬಡಿಯುತ್ತ, ಉಸಿರು ಸಿಕ್ಕಿಕೊಳ್ಳುವಂತೆ ನಗತೊಡಗಿತು.

“ಮಾವ!” ಕ್ಷೌರಿಕ ಮಾವನ ತೋಳು ಹಿಡಿದೆಳೆದ. “ಮಾವ, ನಕ್ಕ! ನೋಡಿ, ನಗ್ತಿದ್ದಾನೆ!”

ಮಾವ ಮೈಕನ್ನು ಹಾಗೇ ಬಾಯಿಗಿಟ್ಟುಕೊಂಡು ಕೂಗಿದರು: “ಆಡಳಿತ ಪಕ್ಷ ನಕ್ಕಿತು!”

ಧರಣಿಯೇ ಎದ್ದು ಗಾಡಿಯ ಸುತ್ತ ನೆರೆಯಿತು. ಮೆಂಬರ್‌ಗೆ ಮೊದಲು ಅವಮಾನವಾಯಿತೋ ಏನೋ. ಆದರೆ ಅವರು ತಲೆ ಅಲ್ಲಾಡಿಸಿದಾಗಲೆಲ್ಲ ಮಗು ಮತ್ತೆ ಕೇಕೆ ಹಾಕುವುದನ್ನು ಕಂಡು ಅವರಿಗೂ ಖುಷಿ ಹತ್ತಿತು. ನೊರೆ ತೆಗೆದು ಇನ್ನೊಂದಿಷ್ಟು ಮೂಗಿಗೆ ತಾವೇ ಹಚ್ಚಿಕೊಂಡರು. “ನನ್ನನ್ನ ನೋಡಿ ಇಷ್ಟು ಸಂತೋಷಪಟ್ಟ ಮತದಾರ ಇವನೊಬ್ಬನೇ,” ಎಂದರು. ತಾಯಂದಿರು ಬಿದ್ದು ಬಿದ್ದು ನಕ್ಕರು. ಆ ಗದ್ದಲಕ್ಕೆ ಹೆಣ್ಣುಮಗು ಎದ್ದು, ಘೋಷಣೆ ಯಾಕೆ ನಿಂತಿತೆಂದು ಕಿರುಚತೊಡಗಿತು. ಕ್ಷೌರಿಕ ಅದನ್ನೆತ್ತಿಕೊಂಡು, ಸುತ್ತ ಯಾರಿದ್ದಾರೆಂದೂ ನೋಡದೆ, ಮೆಲ್ಲಗೆ ಹೇಳಿದ: “ಬೇಕೇ ಬೇಕು, ನ್ಯಾಯ ಬೇಕು.” ಮಗು ಸುಮ್ಮನಾಯಿತು. ಮಾವ ಅಳಿಯನ ಕಡೆ ಓರೆಗಣ್ಣಲ್ಲಿ ನೋಡಿದರು.

ನೊರೆ ಒಣಗಿ ಮೆಂಬರ್ ಕೆನ್ನೆ ತುರಿಸತೊಡಗಿತು. “ಮೊದಲು ಇದನ್ನ ಮುಗಿಸಪ್ಪ,” ಎಂದು ಅಂಗಲಾಚಿದರು. ಕ್ಷೌರಿಕ ಅಂಗಡಿಗೆ ಹೋಗಿ ಪೆಟ್ಟಿಗೆ ತಂದ. ನರ್ಸಮ್ಮ ಒಳಗಿನಿಂದ ಒಂದು ಕುರ್ಚಿ ತಂದು ಜಗಲಿಯ ಮುಂದೆ ಹಾಕಿದರು. ನಡುಬೀದಿಯಲ್ಲಿ, ಅಷ್ಟು ಜನರ ಎದುರು, ಕ್ಷೌರಿಕ ಉಳಿದ ಗಡ್ಡಕ್ಕೆ ಹೊಸದಾಗಿ ನೊರೆ ಹಚ್ಚಿದ.

“ಕಟ್ಟಡ ದೊಡ್ಡದು, ಹೊಸದು,” ಎಂದು ಮೆಂಬರ್ ಕಣ್ಣು ಮುಚ್ಚಿಕೊಂಡೇ ಮಾವನಿಗೆ ವಿವರಿಸಿದರು. “ಒಳ್ಳೇದಕ್ಕೇ ಅಂತ ಸಭೇಲಿ ನಾನೂ ಒಪ್ಪಿ ಕೈ ಎತ್ತಿದೆ.”

“ಒಳ್ಳೇದು ಹೆದ್ದಾರಿಯ ಆಚೆ ಇದ್ರೆ ಈಚೆಯವರಿಗೇನು ಬಂತು?” ಎಂದು ಮಾವ ಗುಡುಗಿದರು. ಮೆಂಬರ್ ಉತ್ತರಿಸಲು ತಲೆ ಎತ್ತಿದರು.

“ಅಲ್ಲಾಡಬೇಡಿ,” ಎಂದ ಕ್ಷೌರಿಕ. ಕತ್ತಿ ಗಲ್ಲದ ಕೆಳಗಿತ್ತು. ಒಂದು ಸಲ ಎಳೆದು ಒರೆಸಿದ. ಆಮೇಲೆ ಅವನಿಗೇ ಗೊತ್ತಿಲ್ಲದಂತೆ ಮಾತು ಹೊರಬಂತು. “ಸಾಹೇಬ್ರೇ, ಆ ಸೇತುವೆ ಮೇಲೆ ಈ ಗಾಡಿ ಹತ್ತಲ್ಲ. ಇಬ್ಬರನ್ನೂ ಎತ್ಕೊಂಡು ಹತ್ತೋಕೆ ನನ್ನ ಹೆಂಡ್ತಿಗೆ ಆಗಲ್ಲ. ನನಗೂ ಆಗಲ್ಲ. ಒಬ್ಬರನ್ನ ಕೆಳಗೆ ಬಿಟ್ಟು ಹೋಗೋಣ ಅಂದ್ರೆ, ಯಾರನ್ನ ಬಿಡೋದು?”

ಹಿಂದಿನಿಂದ ಒಬ್ಬಾಕೆ, “ಕುತ್ತಿಗೆಗೆ ಕತ್ತಿ ಹಿಡಿದು ಕೇಳ್ತಿದ್ದಾರೆ, ಬೇಗ ಹೂಂ ಅನ್ನಿ ಸಾಹೇಬ್ರೇ!” ಎಂದಳು. ಮತ್ತೆ ನಗೆಯ ಬುಗ್ಗೆ. ಮೆಂಬರ್‌ಗೆ ನಗಲೂ ಹೆದರಿಕೆ. ಕ್ಷೌರಿಕ ಕತ್ತಿ ಎತ್ತಿದ ಮೇಲೆಯೇ ಅವರು ನಕ್ಕದ್ದು.

ನರ್ಸಮ್ಮ ಬಾಗಿಲಿಗೆ ಒರಗಿ ನಿಂತಿದ್ದವರು ಹೇಳಿದರು: “ದೊಡ್ಡೋರಿಗೆಲ್ಲ ಅಲ್ಲಿ ಮಾಡ್ಕೊಳ್ಳಿ. ಮಕ್ಕಳಿಗೆ ಚುಚ್ಚುಮದ್ದು ಹಾಕೋಕೆ, ತೂಕ ನೋಡೋಕೆ ನನಗೆ ಈ ಒಂದು ಕೋಣೆ ಸಾಕು. ಅಲ್ಲಿಂದ ಇಲ್ಲಿಗೆ ನಾನು ನಡ್ಕೊಂಡು ಬರ್ತೀನಿ. ನನಗೇನು, ಕಾಲು ಗಟ್ಟಿ ಇದೆ.”

ಮಾವ ಮೈಕು ಎತ್ತಿ, ಏನೋ ಹೇಳಹೋಗಿ, ಮತ್ತೆ ಇಳಿಸಿದರು. ಪೂರ್ತಿ ಗೆಲುವಿಗೆ ಕಡಿಮೆ ಏನನ್ನೂ ಒಪ್ಪದವರು ಅವರು. ಆದರೆ ಮಡಿಲಲ್ಲಿ ಮಗು ಇದ್ದವರೆಲ್ಲ ತಲೆಯಾಡಿಸುತ್ತಿದ್ದರು. “ಇದು ನನಗೆ ಯಾಕೆ ಹೊಳೀಲಿಲ್ಲ?” ಎಂದರು ಮೆಂಬರ್. “ಸಭೇಲಿ ಇದನ್ನೇ ಮಾತಾಡ್ತೀನಿ. ಮಾತು ಕೊಟ್ಟೆ.”

ಆಗಲೇ ಬೀದಿಯ ತಿರುವಿನಲ್ಲಿ ಬಸ್ಸೊಂದು ಬಂದು ನಿಂತು ಉದ್ದಕ್ಕೆ ಹಾರ್ನ್ ಹೊಡೆಯಿತು. ಆ ಹಾರ್ನ್ ಕ್ಷೌರಿಕನಿಗೆ ಸಾವಿರ ಹಾರ್ನ್‌ಗಳ ನಡುವೆಯೂ ಗೊತ್ತಾಗುತ್ತಿತ್ತು. ಅದು ಹೆಂಡತಿಯ ಬಸ್ಸು.

ಹೆಂಡತಿ ಡ್ರೈವರ್ ಸೀಟಿನಿಂದ ಎದ್ದು ಕಿಟಕಿಯಾಚೆ ಅರ್ಧ ಬಗ್ಗಿ ನೋಡುತ್ತಿದ್ದಳು. ರಸ್ತೆಗೆ ಅಡ್ಡ ಜನ. ನಡುವೆ ಮೈಕು ಹಿಡಿದ ಅಪ್ಪ. ಅಪ್ಪನ ಪಕ್ಕ ತನ್ನ ಮಕ್ಕಳು. ಮಕ್ಕಳ ಪಕ್ಕ ಮೆಂಬರ್‌ಗೆ ಗಡ್ಡ ತೆಗೆಯುತ್ತಿರುವ ಗಂಡ.

“ಏನ್ರೀ ಇದು!”

“ನಾನಲ್ಲ, ನಿಮ್ಮಪ್ಪ!” ಎಂದು ಕ್ಷೌರಿಕ ಬಾಯಿಬಿಟ್ಟ. ಮರುಗಳಿಗೆಯೇ ಎಲ್ಲ ಮರೆತು, “ನಕ್ಕ ಕಣೇ! ನಮ್ಮ ಪುಟ್ಟ ನಕ್ಕ!” ಎಂದು ಕೂಗಿದ.

ಅವಳು ಬಸ್ಸನ್ನು ಬದಿಗೆ ಹಾಕಿ ಇಳಿದು ಓಡಿಬಂದಳು. ಮೆಂಬರ್ ಕೇಳುವ ಮೊದಲೇ ಮೂಗಿಗೆ ನೊರೆ ಹಚ್ಚಿಕೊಂಡು ಸಿದ್ಧರಾದರು. ಮಗು ಮತ್ತೆ ನಕ್ಕಿತು. ಅವಳು ಅದನ್ನೆತ್ತಿ ಎದೆಗೊತ್ತಿಕೊಂಡು, ನಗುತ್ತಲೇ ಕಣ್ಣೊರೆಸಿಕೊಂಡಳು. ಪ್ರಯಾಣಿಕರೆಲ್ಲ ಕಿಟಕಿಗೆ ಮುಖವಿಟ್ಟು ನೋಡುತ್ತಿದ್ದರು.

“ಅಪ್ಪಾ,” ಎಂದಳು ಕೊನೆಗೆ, “ನಾನು ಹುಟ್ಟಿದ ದಿನ ನೀನು ರಸ್ತೆ ಮೇಲೆ ಕೂತಿದ್ಯಂತೆ. ಅಮ್ಮ ಆಸ್ಪತ್ರೇಲಿ ಒಬ್ಬಳೇ ಇದ್ದಳಂತೆ. ಈ ಸಲ ಮಕ್ಕಳನ್ನ ಜೊತೇಲೇ ಕರ್ಕೊಂಡು ಬಂದಿದ್ದೀಯ. ಪರವಾಗಿಲ್ಲ, ಸುಧಾರಿಸಿದ್ದೀಯ.”

ಮಾವ ಬ್ಯಾನರಿನ ಗಂಟು ಬಿಚ್ಚುವುದರಲ್ಲಿ ಮಗ್ನರಾದರು.

“ಈಗ ಎಲ್ಲರೂ ದಾರಿ ಬಿಡಿ,” ಎಂದಳು ಅವಳು ಮಗುವನ್ನು ಗಂಡನ ಕೈಗಿಡುತ್ತ. “ಬಸ್ಸಲ್ಲಿ ಕೆಲಸಕ್ಕೆ ಹೋಗೋರಿದ್ದಾರೆ.”

ಯಾವ ಪೊಲೀಸರಿಗೂ ದಾರಿ ಬಿಡದ ಧಿಕ್ಕಾರಪ್ಪ ಮಗಳ ಒಂದು ಮಾತಿಗೆ ಎದ್ದು, ತಾವೇ ಮುಂದೆ ನಿಂತು ಕೈಬೀಸಿ ಬಸ್ಸು ದಾಟಿಸಿದರು.

ಮೆಂಬರ್ ಕೊಟ್ಟ ಮಾತು ಉಳಿಸಿಕೊಂಡರು. ಸಭೆಯಲ್ಲಿ ಒಂದಿಷ್ಟು ಕೂಗಾಟ ನಡೆದು, ದೊಡ್ಡವರ ಚಿಕಿತ್ಸೆ ಹೊಸ ಕಟ್ಟಡದಲ್ಲೂ, ಮಕ್ಕಳ ಕೋಣೆ ಹಳೆಯ ಜಾಗದಲ್ಲೂ ಎಂದು ತೀರ್ಮಾನವಾಯಿತು. ಮೇಲ್ಸೇತುವೆಗೆ ಇಳಿಜಾರು ದಾರಿ ಬೇಕೆಂದು ಮಾವ ಹೊಸ ಬ್ಯಾನರು ಬರೆಯಲು ಕೂತಿದ್ದಾರೆ; ಬಣ್ಣದ ಡಬ್ಬಿಗಳು ಅಳಿಯನ ಅಂಗಡಿಯ ಮೂಲೆಯಲ್ಲೇ ಇವೆ.

ಅವಳಿಗಳ ಮುಂದಿನ ಚುಚ್ಚುಮದ್ದಿನ ದಿನ ಮನೆಮಂದಿಯೆಲ್ಲ ಕೇಂದ್ರಕ್ಕೆ ಹೋದರು. ಹೆಂಡತಿ ರಜೆ ಹಾಕಿದ್ದಳು, ಕ್ಷೌರಿಕ ಅಂಗಡಿಗೆ ಬೀಗ ಹಾಕಿದ್ದ. ನರ್ಸಮ್ಮ ಹತ್ತಿ ಒದ್ದೆ ಮಾಡಿಕೊಂಡು ಸೂಜಿ ಎತ್ತಿದ್ದೇ ತಡ, ಎಷ್ಟೋ ಸಲ ಜೈಲು ಕಂಡು ಬಂದಿದ್ದ ಮಾವ, “ನಾನು... ಸ್ವಲ್ಪ ಗಾಳಿಗೆ...” ಎನ್ನುತ್ತ ಜಗಲಿಗೆ ಹೋಗಿಬಿಟ್ಟರು. ಒಳಗೆ ಒಂದು ಚೀರಾಟ, ಅದರ ಹಿಂದೆ ಇನ್ನೊಂದು. ಆಮೇಲೆ ಎರಡೂ ನಿಂತು, ಮಕ್ಕಳು ತಕ್ಕಡಿಯ ಬಟ್ಟಲು ಬಡಿದು ಆಡತೊಡಗಿದವು.

ಕ್ಷೌರಿಕ ಹೊರಗೆ ಬಂದು ನೋಡಿದರೆ ಮಾವ ಗೋಡೆಗೆ ಮುಖ ಮಾಡಿ ಕರವಸ್ತ್ರದಲ್ಲಿ ಮೂಗೊರೆಸಿಕೊಳ್ಳುತ್ತಿದ್ದರು.

“ಮಾವ, ಆಯ್ತು. ಇಬ್ಬರೂ ಆಡ್ತಿದ್ದಾರೆ. ಬನ್ನಿ ಒಳಗೆ.”

“ಬರ್ತೀನಿ, ಬರ್ತೀನಿ,” ಎಂದರು ಮಾವ. ಅವರ ಬಾಯಿಂದ ಅಷ್ಟು ಸಣ್ಣ ದನಿ ಹೊರಟಿದ್ದು ಅದೇ ಮೊದಲು. “ಅಷ್ಟು ಉದ್ದದ ಸೂಜಿ ಅಂತ ನನಗೆ ಮೊದಲೇ ಯಾಕೆ ಹೇಳ್ಲಿಲ್ಲ ಅಳಿಯಂದಿರೇ?”

ಕ್ಷೌರಿಕ ಅವರ ಹೆಗಲ ಮೇಲೆ ಕೈಹಾಕಿ ಒಳಗೆ ಕರೆದುಕೊಂಡು ಹೋದ.